ಒಂದು ಬೆರಳು ತಗ್ಗಿದ ಗಟಾರ

ಎಳೆದು ಕಟ್ಟಿದ ದಾರವೊಂದು ಖಾಲಿ ನಿಂತಿರುವುದನ್ನು ನನ್ನಿಂದ ನೋಡಲಾಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಕೆಲವರಿಗೆ ಬೋಳು ಗೋಡೆ ಕಂಡರೆ ಮೊಳೆ ಹೊಡೆಯಬೇಕೆನ್ನಿಸುತ್ತದೆ, ಕೆಲವರಿಗೆ ಖಾಲಿ ಕಟ್ಟೆ ಕಂಡರೆ ಕೂತು ಊರ ಸುದ್ದಿ ಮಾತಾಡಬೇಕೆನ್ನಿಸುತ್ತದೆ. ನನಗೆ ದಾರ. ತವರುಮನೆ ಕುರುಗೋಡಿನಲ್ಲಿ ನಾವು ಹನ್ನೊಂದು ಜನಕ್ಕೆ ಬಟ್ಟೆ ಒಣಹಾಕಲು ಇದ್ದದ್ದು ಹಿತ್ತಲಿನ ಬೇವಿನ ಮರದಿಂದ ದನದ ಕೊಟ್ಟಿಗೆಯವರೆಗಿನ ಒಂದೇ ಒಂದು ಹಗ್ಗ. ಮೊದಲು ಎದ್ದವರಿಗೆ ಹಗ್ಗ, ತಡವಾಗಿ ಎದ್ದವರಿಗೆ ಬೇಲಿಯ ಮುಳ್ಳು. ಹಾಗೆ ಬೆಳೆದವಳು ಮದುವೆಯಾಗಿ ಬಳ್ಳಾರಿಯ ಸತ್ಯನಾರಾಯಣಪೇಟೆಗೆ ಬಂದು ಎಷ್ಟು ವರ್ಷವಾದರೂ, ಖಾಲಿ ದಾರ ಕಂಡರೆ ಯಾರೋ ನನಗಾಗಿಯೇ ಹಿಡಿದಿಟ್ಟ ಜಾಗ ಎನ್ನಿಸಿಬಿಡುತ್ತದೆ. ಶಿವ ಕೊಟ್ಟದ್ದನ್ನು ಬೇಡವೆನ್ನಬಾರದು. ಕೊಟ್ಟವನು ಶಿವನೋ ಕಂಟ್ರಾಕ್ಟರನೋ ಎಂದು ವಿಚಾರಿಸುವ ರೂಢಿ ಮಾತ್ರ ನನಗೆ ಆಗ ಇರಲಿಲ್ಲ.

ಇನ್ನೊಂದು ರೂಢಿ ಇತ್ತು, ಈಗಲೂ ಇದೆ. ಬೆಳಿಗ್ಗೆ ಸ್ನಾನವಾಗಿ, ವಿಭೂತಿ ಹಚ್ಚಿಕೊಂಡು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಾಗ, ಏನಾದರೂ ಬೇಡುವ ಮೊದಲು ಬಲಗೈಯ ಐದು ಬೆರಳಿಗೆ ಐದು ಉಪಕಾರ ನೆನೆಯುವುದು. ದೊಡ್ಡವೇನೂ ಅಲ್ಲ. ನಿನ್ನೆ ಹಾಲು ಉಕ್ಕಿತು, ಆದರೂ ಪಾತ್ರೆಯಲ್ಲಿ ಅರ್ಧ ಉಳಿಯಿತು. ನಲ್ಲಿಯ ನೀರು ನನ್ನ ಕೊಡ ತುಂಬಿದ ಮೇಲೆ ನಿಂತಿತು, ತುಂಬುವ ಮೊದಲಲ್ಲ. ಯಜಮಾನರು ಪಲ್ಯಕ್ಕೆ ಉಪ್ಪು ಕಡಿಮೆ ಎಂದರು, ಆದರೆ ಎರಡು ಸಲ ಹಾಕಿಸಿಕೊಂಡ ಮೇಲೆ ಎಂದರು. ಇಂಥವು. ಹೀಗೆ ಎಣಿಸುತ್ತ ಎಣಿಸುತ್ತ ನನಗೆ ಒಂದು ಥರದ ಜೋಂಪು ಹತ್ತುತ್ತದೆ. ಕಣ್ಣು ಮುಚ್ಚಿದರೆ ಕುರುಗೋಡಿನ ದೇವಸ್ಥಾನದ ತಂಪು ಕಲ್ಲು, ಕಣ್ಣು ತೆರೆದರೆ ಬಳ್ಳಾರಿಯ ಬಿಸಿಲು. ಎರಡರ ನಡುವೆ ಎಲ್ಲೋ ಒಲೆಯ ಮೇಲಿನ ಬೇಳೆ ಸೀಯುತ್ತಿರುತ್ತದೆ.

ನಮ್ಮ ಯಜಮಾನರು ರಸ್ತೆ ಕೆಲಸಗಳ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದರು. ಅವರ ಚೀಲದಲ್ಲಿ ಸದಾ ಒಂದು ರಸಮಟ್ಟ ಇರುತ್ತಿತ್ತು. ಮೊಣಕೈ ಉದ್ದದ ಕಟ್ಟಿಗೆಯ ತುಂಡು, ಅದರ ನಡುವೆ ಗಾಜಿನ ನಳಿಗೆ, ನಳಿಗೆಯೊಳಗೆ ಒಂದು ಗುಳ್ಳೆ. ಗುಳ್ಳೆ ನಟ್ಟನಡುವೆ ನಿಂತರೆ ಲೋಕ ಸಮವಾಗಿದೆ ಎಂದರ್ಥ. ಮದುವೆಯಾದ ಹೊಸದರಲ್ಲಿ ಅವರು ಅದನ್ನು ದೇವರ ಜಗುಲಿಯ ಮೇಲೆ ಇಟ್ಟರು, ಒಲೆಯ ಮೇಲೆ ಇಟ್ಟರು, ಬೀಸುವ ಕಲ್ಲಿನ ಮೇಲೂ ಇಟ್ಟು ನೋಡಿದರು. ಎಲ್ಲಿಯೂ ಗುಳ್ಳೆ ನಡುವೆ ನಿಲ್ಲಲಿಲ್ಲ. ಕಡೆಗೆ ನಾನು ಬಡಿದ ರೊಟ್ಟಿಯತ್ತ ಅವರ ಕಣ್ಣು ಹೋಯಿತು.

"ಗೌರಾ, ಈ ರೊಟ್ಟಿ ನಡುವ ದಪ್ಪ ಆಗೇತಿ, ಅಂಚಿಗೆ ತೆಳ್ಳಗ ಐತಿ. ಏನಿದು, ಗುಡ್ಡೇನು?"

"ಗುಡ್ಡ ಆದ್ರ ಹತ್ತಿ ಇಳೀರಿ. ಆ ಕಡೆ ಪಲ್ಯ ಐತಿ" ಎಂದೆ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಬೀದಿಗೆ ಹೊಸ ರಸ್ತೆ ಬಂತು, ಅದರ ಎರಡೂ ಮಗ್ಗುಲಿಗೆ ಕಾಂಕ್ರೀಟಿನ ಅಂಚುಕಟ್ಟೆ, ಕಟ್ಟೆಗೆ ಅಂಟಿಕೊಂಡಂತೆ ನೀರು ಹರಿಯಲು ಅಗಲವಾದ ಗಟಾರ. ಅಲ್ಲಿಯವರೆಗೆ ಇಂಥದನ್ನೆಲ್ಲ ಗೌಂಡಿಗಳು ಹಲಗೆ ಕಟ್ಟಿ ಕೈಯಲ್ಲಿ ಮಾಡುತ್ತಿದ್ದರು. ಈ ಸಲ ಕಂಟ್ರಾಕ್ಟರ್ ಮದರಾಸಿನ ಕಡೆಯಿಂದ ಒಂದು ಮಿಶನ್ನು ತರಿಸಿದ್ದ. ಅದು ಮುಂದೆ ಮುಂದೆ ಹೋಗುತ್ತಿದ್ದರೆ ಹಿಂದೆ ಕಟ್ಟೆಯೂ ಗಟಾರವೂ ಒಂದೇ ಅಚ್ಚಿನಿಂದ ತಾವಾಗಿ ಮೂಡಿ ಬರುತ್ತವಂತೆ. ಯಜಮಾನರಿಗೆ ಆ ವಾರವೆಲ್ಲ ಊಟ ಸೇರಲಿಲ್ಲ.

"ಮಿಶನ್ನು ಹಾಕಿದ್ದು ಅಂದ್ರ ಸುಮ್ನ ಅಲ್ಲ. ನೇರ ಇರಬೇಕು. ನೀರು ಓಡೋ ಹಂಗ ಇಳಿಜಾರು ಇರಬೇಕು. ಮೈ ಮ್ಯಾಲ ಒಂದು ತೂತು ಇರಬಾರದು. ಹತ್ತಡಿ ಪಟ್ಟಿ ಇಟ್ರ ಕೆಳಗ ಒಂದು ರೂಪಾಯಿ ಬಿಲ್ಲಿ ತೂರಬಾರದು" ಎಂದು ಅನ್ನ ಕಲಸುತ್ತ ಹೇಳಿದರು.

"ನನ್ನ ನೋಡಾಕ ಬಂದಾಗೂ ಇಷ್ಟೆಲ್ಲ ನೋಡಿದ್ರೇನ್ರಿ?"

"ಆಗ ನನ್ನ ಹತ್ರ ರಸಮಟ್ಟ ಇರ್ಲಿಲ್ಲ" ಎಂದರು. ಇದನ್ನು ಅವರು ನಗದೆಯೇ ಹೇಳಿದರು ಎಂಬುದನ್ನು ನೀವು ಗಮನಿಸಬೇಕು.

ಮಿಶನ್ನು ನಡೆಸುವವನು ಆದೋನಿ ಕಡೆಯ ಓಬಳೇಶು. ನಲವತ್ತರ ಹತ್ತಿರದ ಮೆತ್ತನೆಯ ಮನುಷ್ಯ, ಕನ್ನಡದ ಬಾಯಿ, ತೆಲುಗಿನ ಉಸಿರು. ಹದಿನೈದು ವರ್ಷ ಜಲ್ಲಿ ಹೊತ್ತು ಈಗಷ್ಟೇ ಮಿಶನ್ನಿನ ಸೀಟು ಹತ್ತಿದ್ದನಂತೆ. ದಿನಾ ಬೆಳಿಗ್ಗೆ ಅದಕ್ಕೆ ನಿಂಬೆಹಣ್ಣು ಕಟ್ಟಿ, ಊದುಬತ್ತಿ ಬೆಳಗಿ, ಎರಡೂ ಕೈ ಮುಗಿದು ಆಮೇಲೆ ಹತ್ತುತ್ತಿದ್ದ. ಅದೊಂದಕ್ಕೇ ಅವನ ಮೇಲೆ ನನಗೆ ಅಭಿಮಾನ. ಕಾಂಕ್ರೀಟನ್ನು ಮುಷ್ಟಿಯಲ್ಲಿ ಹಿಚುಕಿ, ಉಂಡೆ ನಿಂತರೆ ಮಾತ್ರ ಮಿಶನ್ನಿಗೆ ಹಾಕಿಸುತ್ತಿದ್ದ. ನೀರು ಹೆಚ್ಚಾದರೆ ಕಟ್ಟೆ ಕುಸಿಯುತ್ತದೆ, ಕಡಿಮೆಯಾದರೆ ಬಿರುಕು ಬಿಡುತ್ತದೆ ಎಂದ. ಜೋಳದ ಹಿಟ್ಟಿಗೂ ಇದೇ ಕಾನೂನು, ನನಗದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಶ್ರಾವಣದ ಮೊದಲ ಸೋಮವಾರ ನಮ್ಮ ಮನೆಯ ಮುಂದಿನ ಸರದಿ. ಹಿಂದಿನ ಸಂಜೆಯೇ ಓಬಳೇಶು ರಸ್ತೆಯ ಅಂಚಿಗೆ ಸಾಲಾಗಿ ಕಬ್ಬಿಣದ ಸಲಾಕೆ ನೆಟ್ಟು, ಪ್ರತಿ ಸಲಾಕೆಗೂ ಒಂದು ಅಡ್ಡ ತೋಳು ತಿರುಪಿನಿಂದ ಬಿಗಿದು, ಆ ತೋಳುಗಳ ಮೇಲೆ ಬೀದಿಯುದ್ದಕ್ಕೂ ಒಂದು ಬಿಳಿ ದಾರ ಎಳೆದಿದ್ದ. ಬೆಳಿಗ್ಗೆ ಏಳಕ್ಕೆ ಯಜಮಾನರು ಒಂದು ಕಣ್ಣು ಮುಚ್ಚಿ ದಾರದ ಉದ್ದಕ್ಕೂ ನೋಡಿ, "ಬರೋಬರಿ ಐತಿ" ಎಂದು ಸಹಿ ಹಾಕಿ ಆಫೀಸಿಗೆ ಹೋದರು. ಓಬಳೇಶು ಮತ್ತವನ ಕಡೆಯವರು ಬೀದಿಯ ಆ ತುದಿಯಲ್ಲಿ ಮಿಶನ್ನು ತೊಳೆಯುತ್ತಿದ್ದರು.

ನಾನು ನನ್ನ ಪೂಜೆಯ ಸೀರೆ ಒಗೆದು ಹಿಂಡಿ ಹಿತ್ತಲಿಗೆ ಹೋದೆ. ನಮ್ಮವ್ವ ಕೊಟ್ಟ ಇಳಕಲ್ ಸೀರೆ, ಕೆಂಪು ಸೆರಗಿನದು. ಸಂಜೆಯ ಸೋಮವಾರದ ಪೂಜೆಗೆ ಅದೇ ಬೇಕು. ಹಿತ್ತಲಿನ ಹಗ್ಗದ ತುಂಬ ಶ್ರಾವಣಕ್ಕೆಂದು ಒಗೆದ ಕೌದಿಗಳು, ಒಂದೊಂದೂ ಎಮ್ಮೆಯಂತೆ ಜೋತಿದ್ದವು. ಒದ್ದೆ ಸೀರೆ ತೋಳ ಮೇಲೆ ಹಾಕಿಕೊಂಡು ಮುಂಬಾಗಿಲಿಗೆ ಬಂದೆ. ಎದುರಿಗೆ ದಾರ. ಎಂಥ ಬಿಳುಪು, ಎಂಥ ಬಿಗುವು. ಹತ್ತಿರದಲ್ಲಿ ಮಕ್ಕಳಿಲ್ಲ, ಮೇಕೆಯಿಲ್ಲ, ಯಾರ ಮೈಯೂ ತಾಗುವ ಹಾಗಿಲ್ಲ. ಪೂಜೆಯ ಸೀರೆಗೆ ಇದಕ್ಕಿಂತ ಶುದ್ಧವಾದ ಜಾಗ ಬಳ್ಳಾರಿಯಲ್ಲಿ ಇನ್ನೆಲ್ಲಿ? ನಾನು ಯೋಚಿಸಲಿಲ್ಲ. ಯೋಚಿಸಿದ್ದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಎರಡೂ ತುದಿ ಜಗ್ಗಿ ಹಾಕಿ, ಸೆರಗು ನೆಲಕ್ಕೆ ತಾಗದಂತೆ ಮಡಿಚಿ ಒಳಗೆ ಹೋದೆ. ಹತ್ತು ಗಂಟೆಗೆ ಹಪ್ಪಳದಂತೆ ಒಣಗಿತ್ತು. ತೆಗೆದುಕೊಂಡೆ. ಮರುದಿನದ ಐದು ಉಪಕಾರಗಳಲ್ಲಿ ಹೆಬ್ಬೆರಳು ಆ ದಾರಕ್ಕೇ ಸಂದಿತು.

ಮಧ್ಯಾಹ್ನ ಮಿಶನ್ನು ಬಂತು. ಬಂತು ಎನ್ನುವುದಕ್ಕಿಂತ ದಯಮಾಡಿಸಿತು ಎನ್ನಬೇಕು. ಹೊಟ್ಟೆ ತುಂಬಿದ ಆನೆಯ ಹಾಗೆ, ಗುಡುಗುಡು ಎನ್ನುತ್ತ, ಹೆಜ್ಜೆಯಿಟ್ಟದ್ದೇ ಕಾಣದಷ್ಟು ನಿಧಾನ. ಅದರ ಹಿಂದೆ ಬೂದುಬಣ್ಣದ ಕಟ್ಟೆ, ಗಟಾರ, ಇನ್ನೂ ಹಸಿಹಸಿಯಾಗಿ, ಇದೀಗ ಮೈಗೆ ವಿಭೂತಿ ಹಚ್ಚಿಕೊಂಡಂತೆ. ನಾನು ಬಾಗಿಲಿಗೆ ಒರಗಿ ನೋಡುತ್ತ ನಿಂತವಳು ಎಷ್ಟು ಹೊತ್ತು ನಿಂತೆನೋ. ಲೋಕದಲ್ಲಿ ಹೀಗೆ ಸದ್ದು ಮಾಡಿಕೊಂಡು ನಿಧಾನವಾಗಿ ಹೋಗಿ, ಹಿಂದೆ ಇಷ್ಟು ನುಣುಪಾದದ್ದನ್ನು ಬಿಟ್ಟುಹೋಗುವವರು ಎಷ್ಟು ಜನ ಇದ್ದಾರೆ ಎಂದೆಲ್ಲ ಅನ್ನಿಸಿತು. ಬೇಳೆ ಸೀದಿತು.

ಏಳು ದಿನ ಅದಕ್ಕೆ ಒದ್ದೆ ಗೋಣಿಚೀಲ ಹೊದಿಸಿ ನೀರು ಕುಡಿಸಿದರು. ಎಂಟನೆಯ ಬೆಳಿಗ್ಗೆ ಗೋಣಿ ತೆಗೆದ ಮೇಲೆ ನಾನು ಎಂದಿನಂತೆ ಅಂಗಳ ತೊಳೆದೆ. ನೀರು ಹೊಸ ಗಟಾರಕ್ಕೆ ಇಳಿದು ಓಡಿತು. ಓಡಿ, ನಮ್ಮ ಬಾಗಿಲಿನ ನೇರಕ್ಕೆ ಬಂದಾಗ ಸ್ವಲ್ಪ ನಿಂತಿತು. ಉಳಿದದ್ದು ಮುಂದೆ ಹೋಯಿತು, ಒಂದು ಬೊಗಸೆಯಷ್ಟು ಅಲ್ಲೇ ಉಳಿಯಿತು. ಸ್ವಲ್ಪ ಹೊತ್ತಿಗೆ ಎರಡು ಗುಬ್ಬಿ ಬಂದವು. ಒಂದು ಕುಡಿಯಿತು, ಒಂದು ಮಿಂದಿತು. ನಾನು ಮೆಟ್ಟಿಲ ಮೇಲೆ ಕೂತು ಬಗ್ಗಿ ನೋಡಿದರೆ, ಆ ಬೊಗಸೆ ನೀರಿನಲ್ಲಿ ನಮ್ಮ ಬಳ್ಳಾರಿ ಗುಡ್ಡ, ಅಷ್ಟು ದೊಡ್ಡ ಬಂಡೆ, ತಲೆಕೆಳಗಾಗಿ ಅಲ್ಲಾಡುತ್ತ ನಿಂತಿದೆ. ಗುಬ್ಬಿ ರೆಕ್ಕೆ ಬಡಿದರೆ ಗುಡ್ಡ ಚೂರಾಗುತ್ತಿತ್ತು, ಹಾರಿಹೋದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಬಿಸಿಲಿಗೆ ಕಾದು ಕಾದು ಕರ್ರಗಾದ ಆ ಗುಡ್ಡಕ್ಕೂ ತಂಪು ಬೇಕೆನ್ನಿಸಿ ನಮ್ಮ ಮನೆಯ ಮುಂದೆ ಬಂದು ಮಲಗಿದೆ ಎನ್ನಿಸಿತು. ಇಂಥದನ್ನು ಯಾರಿಗೆ ಹೇಳುವುದು? ಐದು ಬೆರಳು ಸಾಲದೆ ಆ ವಾರ ಎಡಗೈಯ ಕಿರುಬೆರಳನ್ನೂ ಸಾಲ ತೆಗೆದುಕೊಂಡೆ. ಎದುರುಮನೆಯ ಹುಸೇನ್‌ಬಿ ನೋಡಿ, "ಏನ್ ಗೌರಕ್ಕ, ಗಟಾರದಾಗ ಏನ್ ಕಳಕೊಂಡಿ?" ಎಂದಳು. "ಕಳಕೊಂಡಿಲ್ಲವ್ವ, ಸಿಕ್ಕೈತಿ" ಎಂದೆ. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಗುರುವಾರ ಯಜಮಾನರು ಕಂಟ್ರಾಕ್ಟರನನ್ನೂ ಓಬಳೇಶುವನ್ನೂ ಕರೆದುಕೊಂಡು ಹತ್ತಡಿಯ ಪಟ್ಟಿ ಹಿಡಿದು ಬಂದರು. ಬೀದಿಯ ತುದಿಯಿಂದ ಪಟ್ಟಿ ಇಡುತ್ತ, ಬಿಲ್ಲೆ ತೂರಿಸಿ ನೋಡುತ್ತ, ತಲೆಯಾಡಿಸುತ್ತ ಬಂದವರು ನಮ್ಮ ಮನೆಯ ಮುಂದೆ ಕೂತವರು ಏಳಲಿಲ್ಲ. ಒಂದು ಬಿಲ್ಲೆ ತೂರಿತು. ಎರಡು ಒಟ್ಟಿಗೆ ತೂರಿದವು. ಕಡೆಗೆ ಅವರ ಬೆರಳೇ ತೂರಿತು. ಗುಬ್ಬಿಗಳು ನಾಲ್ಕು ಮಾರು ದೂರದಲ್ಲಿ ಕೂತು, ಈ ಮನುಷ್ಯ ಯಾವಾಗ ಏಳುತ್ತಾನೋ ಎಂದು ಕಾಯುತ್ತಿದ್ದವು.

"ಇನ್‌ಸ್ಪೆಕ್ಟರ್ ಸಾಹೇಬ್ರ ಮನಿ ಮುಂದನ ಹಿಂಗಾತಲ್ಲೋ! ನಿದ್ದಿ ಮಾಡ್ತಿದ್ದೇನಲೇ ಮಿಶನ್ ಮ್ಯಾಲ?" ಎಂದು ಕಂಟ್ರಾಕ್ಟರ್ ಓಬಳೇಶುವಿನ ಮೇಲೆ ಹರಿಹಾಯ್ದ.

"ಇಲ್ಲ ಸಾಮಿ. ದೇವುಡಾಣೆ ಇಲ್ಲ. ದಾರ ಸರಿ ಇತ್ತು, ಸಾರೂ ನೋಡಿದ್ರು."

"ದಾರ ಸರಿ ಇದ್ರ ಗಟಾರ ಯಾಕ ಕುಂತೈತಿ? ಸಾಹೇಬ್ರು ನಾಳೆ ರಿಪೋರ್ಟ್ ಬರೀಲಿ. ನೀ ನಾಡಿದ್ದಿಂದ ಇಳಿದು ಜಲ್ಲಿ ಹೊರು. ಬ್ಯಾರೆಯವ್ನ ಕೂಡಸ್ತೀನಿ."

ಯಜಮಾನರು ಪಟ್ಟಿ ಎತ್ತಿಕೊಂಡರು. ತಾವೇ ದಾರ ನೋಡಿ ಸಹಿ ಹಾಕಿದವರು. ರಸಮಟ್ಟ ಚೀಲಕ್ಕೆ ಹಾಕಿಕೊಂಡು ಕಂಟ್ರಾಕ್ಟರನ ಜೊತೆ ಹೊರಟುಹೋದರು. ಓಬಳೇಶು ಮಾತ್ರ ತಾನು ಹಾಕಿದ ಕಟ್ಟೆಯ ಮೇಲೆಯೇ ಕೂತು, ಮಿಶನ್ನಿಗೆ ಕಟ್ಟಲು ತಂದ ನಿಂಬೆಹಣ್ಣನ್ನು ಕೈಯಲ್ಲಿ ತಿರುಗಿಸುತ್ತಿದ್ದ. ನಾನು ಒಂದು ಲೋಟ ಮಜ್ಜಿಗೆ ಕೊಟ್ಟೆ. ಸಮಾಧಾನ ಹೇಳಬೇಕಲ್ಲ ಎಂದು ಕೇಳಿದೆ: "ಅಲ್ಲೋ ಓಬಳೇಶಪ್ಪ, ಆ ಮಿಶನ್ನಿಗೆ ಇಳಿಜಾರು ಹೆಂಗ್ ಗೊತ್ತಾಕೈತಿ?"

"ಅದಕ್ಕೊಂದು ಬೆರಳು ಐತಮ್ಮಾ, ಕಬ್ಬಿಣದ್ದು. ದಾರ ಮುಟ್ಕಂಡು ಮುಟ್ಕಂಡು ಹೋಗ್ತೈತಿ. ದಾರ ಮೇಲಂದ್ರೆ ಮೇಲೆ, ಕೆಳಗಂದ್ರೆ ಕೆಳಗೆ. ಅದಕ್ಕೆ ಕಣ್ಣಿಲ್ಲಮ್ಮಾ, ಭಕ್ತಿ ಒಂದೇ. ಯಾರೋ ಆ ದಾರದ ಮೇಲೆ ಭಾರ ಹಾಕ್ಯಾರೆ. ಸಲಾಕಿ ತೋಳು ಒಂದು ಬೆರಳು ಜಾರೈತಿ. ನಾನು ಆಮೇಲೆ ನೋಡ್ದೆ, ಹೇಳಿದ್ರೆ ಯಾರು ನಂಬ್ತಾರೆ? ಮ್ಯಾಕೆ ಹತ್ತಿರಬೌದು."

ಆ ದಿನ ಹತ್ತಿರದಲ್ಲಿ ಮೇಕೆ ಇರಲಿಲ್ಲವೆಂದು ನನಗೆ ಗೊತ್ತಿತ್ತು. ಲೋಟ ಇಸಿದುಕೊಂಡು ಒಳಗೆ ಬಂದು ಅಡುಗೆಮನೆಯ ಬಾಗಿಲು ಹಾಕಿಕೊಂಡೆ.

ಸಂಜೆಯ ಪೂಜೆಗೆ ಕೂತೆ. ಹೆಬ್ಬೆರಳು ಮುಟ್ಟಿದೆ, ಯಾವ ಉಪಕಾರವೂ ನೆನಪಾಗಲಿಲ್ಲ. ಬದಲಿಗೆ ಶಿವನ ಜೊತೆ ವಾದಕ್ಕೆ ಇಳಿದೆ. ನಿನ್ನ ಪೂಜೆಯ ಸೀರೆಯೇ ತಾನೆ, ನನ್ನ ಸ್ವಂತಕ್ಕೇನು ಒಣಹಾಕಿದ್ದೆನೆ? ಯಾರೂ ನೋಡಿಲ್ಲ. ಹೇಳಿದರೆ ಇನ್‌ಸ್ಪೆಕ್ಟರನ ಹೆಂಡತಿಯೇ ಗಟಾರ ಕೆಡಿಸಿದಳೆಂದು ಊರೆಲ್ಲ ನಗುತ್ತದೆ, ಆ ಮನುಷ್ಯ ತಲೆಯೆತ್ತಿ ಪಟ್ಟಿ ಹಿಡಿಯುವುದು ಹೇಗೆ? ಅದೂ ಅಲ್ಲದೆ ಗಟಾರ ಒಡೆದರೆ ನನ್ನ ಗುಬ್ಬಿ, ನನ್ನ ಗುಡ್ಡ? ಶಿವ ಅಂಗೈಯಲ್ಲಿ ಸುಮ್ಮನೆ ಕೂತಿದ್ದ. ಅವನಿಗೆ ಇದೊಂದು ಅನುಕೂಲ, ಎದುರು ಮಾತಾಡುವುದಿಲ್ಲ, ಎದ್ದೂ ಹೋಗುವುದಿಲ್ಲ. ಕಣ್ಣು ಮುಚ್ಚಿದರೆ ನಿಂಬೆಹಣ್ಣು ತಿರುಗಿಸುವ ಕೈ ಕಾಣುತ್ತಿತ್ತು.

ಊಟಕ್ಕೆ ಬಡಿಸಿದೆ. ಯಜಮಾನರು ತಟ್ಟೆಯ ಪಕ್ಕದಲ್ಲೇ ರಿಪೋರ್ಟಿನ ಹಾಳೆ ಇಟ್ಟುಕೊಂಡಿದ್ದರು. 'ಕಾರಣ' ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದರು.

"ಒಂದು ಮಾತು ಹೇಳೂದೈತ್ರಿ. ರೊಟ್ಟಿ ತಿಂದ್ಮ್ಯಾಲ ಹೇಳ್ಲೇನು?"

"ಈಗ ಹೇಳು."

"ಆ ಸೋಮವಾರ ದಾರದ ಮ್ಯಾಲ ನನ್ನ ಪೂಜಿ ಸೀರಿ ಒಣಹಾಕಿದ್ನಿ."

ಅವರು ರೊಟ್ಟಿ ಮುರಿದವರು ಹಾಗೆಯೇ ಹಿಡಿದುಕೊಂಡರು. ಬೈಯುತ್ತಾರೆಂದು ನಾನು ಕಣ್ಣು ಮುಚ್ಚಿದೆ. "ಹಿಂಡಿದ್ದೆಯೋ ಇಲ್ಲೋ?" ಎಂದು ಕೇಳಿದರು.

"ಏನು?"

"ಸೀರಿ. ನೀರು ಸೋರ್ತಿತ್ತೋ, ಹಿಂಡಿದ್ದೆಯೋ? ಎರಡು ಸಲಾಕಿ ನಡುವ ಹಾಕಿದ್ದೋ, ಸಲಾಕಿ ಮಗ್ಗಲಕೋ?"

ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನನ್ನ ಸೀರೆಯ ವಿಷಯ ಅವರು ಇಷ್ಟು ಆಸ್ಥೆಯಿಂದ ಕೇಳಿದ್ದು ಅದೇ ಮೊದಲು.

ಹೇಳಿದ್ದಕ್ಕೆ ಅವರು ಒಪ್ಪಿಕೊಂಡು ಬಿಟ್ಟುಬಿಡುತ್ತಾರೆಂದುಕೊಂಡಿದ್ದರೆ ಅದು ನನ್ನ ದಡ್ಡತನ. ಬಾಯಿಮಾತು ರಿಪೋರ್ಟಿಗೆ ಆಗುವುದಿಲ್ಲವಂತೆ, ನೋಡಿ ಬರೆಯಬೇಕಂತೆ. ಮರುದಿನ ಬೆಳಿಗ್ಗೆ ಕಂಟ್ರಾಕ್ಟರ್ ಬಂದ, ಓಬಳೇಶು ಬಂದ, ಬೀದಿಗೆ ಬೀದಿಯೇ ಬಾಗಿಲಿಗೆ ಬಂತು. ಅದೇ ಸಲಾಕೆ, ಅದೇ ತಿರುಪು, ಅಷ್ಟೇ ಬಿಗಿ, ಅದೇ ದಾರ. ಯಜಮಾನರು ರಸಮಟ್ಟ ಹಿಡಿದು ನಿಂತು, "ಹಾಕು" ಎಂದರು. ನಾನು ತಲೆ ತುಂಬ ಸೆರಗು ಹೊದ್ದು, ಒಗೆದು ಹಿಂಡಿದ ಇಳಕಲ್ ಸೀರೆಯನ್ನು ಊರಿನ ಎದುರು ದಾರದ ಮೇಲೆ ಜಗ್ಗಿ ಹಾಕಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಶಿವನೇ, ಈಗ ಜಾರದಿದ್ದರೆ ನಾನು ಸುಳ್ಳುಗಾತಿಯಾಗುತ್ತೇನೆ, ಅವನು ಜಲ್ಲಿ ಹೊರುತ್ತಾನೆ, ಜಾರಿಸಪ್ಪಾ ಎಂದು ಬೇಡಿಕೊಂಡೆ. ಸ್ವಂತ ತಪ್ಪು ರುಜುವಾಗಲಿ ಎಂದು ಅಷ್ಟು ಭಕ್ತಿಯಿಂದ ಬೇಡಿಕೊಂಡವರು ಕಡಿಮೆ. 'ಕಿರ್' ಎಂದಿತು. ತೋಳು ಜಾರಿತು. ಯಜಮಾನರು ಬೆರಳಿಟ್ಟು ಅಳೆದರು.

"ಒಂದು ಬೆರಳು. ಬರೋಬರಿ" ಎಂದರು. ಅವರ ಮುಖದಲ್ಲಿ ಗುಳ್ಳೆ ನಟ್ಟನಡುವೆ ನಿಂತಿತ್ತು.

ಹುಸೇನ್‌ಬಿ ಬಾಗಿಲಿನಿಂದಲೇ ಕೂಗಿದಳು: "ನಂಗ್ ಅವತ್ತೇ ಗೊತ್ತಿತ್ ಗೌರಕ್ಕ! ಸೀರಿ ಛಲೋ ಕಾಣ್ತಿತ್ತು, ಅದಕ್ಕ ಸುಮ್ನಿದ್ದೆ."

ಕಂಟ್ರಾಕ್ಟರ್ ಕೆಂಪು ಸೆರಗನ್ನೂ ನನ್ನನ್ನೂ ನೋಡಿ, ನಗಬಾರದೆಂದು ಮೀಸೆ ತಿರುವಿದ. ಓಬಳೇಶುವಿನ ಕಡೆ ತಿರುಗಿ, "ಹೋಗು, ಮಿಶನ್ ತೊಳಿ" ಎಂದ, ಅಷ್ಟೇ. ಆದರೆ ಓಬಳೇಶು ಹೋಗುವ ಮೊದಲು ನನ್ನ ಬಳಿ ಬಂದು, ಆ ನಿಂಬೆಹಣ್ಣನ್ನು ನನ್ನ ಹೊಸ್ತಿಲ ಮೇಲಿಟ್ಟು ಕೈ ಮುಗಿದ. ಮಿಶನ್ನಿಗೆ ಸಲ್ಲಬೇಕಾದದ್ದು ನನಗೆ ಸಂದಿತು.

ಗಟಾರದ ಆ ತುಂಡನ್ನು ಒಡೆದು ಮತ್ತೆ ಹಾಕಿದರು. ಹಾಕುವ ದಿನ ಬೆಳಿಗ್ಗೆ ಓಬಳೇಶು ಬಾಗಿಲು ಬಡಿದು, "ಅಮ್ಮಾ, ಇವತ್ತು ಒಗೆಯೋದು ಏನಾದ್ರೂ ಐತಾ?" ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿಕೊಂಡ. ಈಗ ನೀರು ಎಲ್ಲಿಯೂ ನಿಲ್ಲದೆ ಓಡಿಹೋಗುತ್ತದೆ. ಗುಬ್ಬಿಗಳು ಎರಡು ದಿನ ಬಂದು ಒಣ ಗಟಾರ ನೋಡಿ, ಆಮೇಲೆ ನನ್ನನ್ನು ನೋಡಿದವು. ಒಂದು ಮಣ್ಣಿನ ತಟ್ಟೆಗೆ ನೀರು ಹಾಕಿ ಮೆಟ್ಟಿಲ ಪಕ್ಕದಲ್ಲಿಟ್ಟೆ. ಗುಬ್ಬಿ ಬಂದವು. ಗುಡ್ಡ ಬರಲಿಲ್ಲ, ತಟ್ಟೆ ಅಷ್ಟು ಅಗಲವಿರಲಿಲ್ಲ. ಯಜಮಾನರು ಆಫೀಸಿಗೆ ಹೋಗುವಾಗ ಬಗ್ಗಿ, ಯಾರಿಗೂ ಕಾಣದ ಹಾಗೆ ತಟ್ಟೆಯ ಕೆಳಗೆ ಒಂದು ಕಲ್ಲಿನ ಚೂರು ತುರುಕಿ ಸಮ ಮಾಡಿದರು. ನನಗೆ ಕಂಡಿತು. ಮರುದಿನದ ಹೆಬ್ಬೆರಳು ಅದಕ್ಕೆ.

ಅಲ್ಲಿಂದ ಮುಂದೆ ಅಂಥ ಕೆಲಸಗಳ ಷರತ್ತಿನ ಹಾಳೆಯಲ್ಲಿ ನಮ್ಮವರು ಒಂದು ಹೊಸ ಸಾಲು ಸೇರಿಸಿದರು. ಸಿರುಗುಪ್ಪದ ರಸ್ತೆಗೂ ಅದೇ ಹಾಳೆ ಹೋಯಿತೆಂದು ಹೇಳಿದರು. 'ಕಾಂಕ್ರೀಟ್ ಹಾಕುವ ಮುನ್ನ ದಾರವನ್ನು ಪುನಃ ಪರೀಕ್ಷಿಸತಕ್ಕದ್ದು. ದಾರದ ಮೇಲೆ ಸೀರೆ ಮುಂತಾದವುಗಳನ್ನು ಒಣಹಾಕದಂತೆ ನೋಡಿಕೊಳ್ಳತಕ್ಕದ್ದು.' ನಾನು ಓದಿದ್ದು ಏಳನೆಯ ಇಯತ್ತೆ, ಆದರೂ ಸರಕಾರಿ ಕಾಗದದಲ್ಲಿ ಒಂದು ಸಾಲು ನನ್ನದಿದೆ. 'ಮುಂತಾದವುಗಳು' ಎಂದು ಯಾಕೆ ಹಾಕಿದಿರಿ, ನಾನು ಇನ್ನೇನು ಒಣಹಾಕುತ್ತೇನೆಂದುಕೊಂಡಿರಿ ಎಂದು ಜಗಳ ತೆಗೆದೆ. "ನಿನ್ನ ಮ್ಯಾಲ ನಂಬಿಕಿ ಐತಿ, ಅದಕ್ಕ ಹಾಕೀನಿ" ಎಂದರು.

ಆ ವರ್ಷ ದೀಪಾವಳಿಗೆ ಕುರುಗೋಡಿಗೆ ಹೋದೆ. ತಮ್ಮ ಹಿತ್ತಲಿಗೆ ಹೊಸ ಗೋಡೆ ಕಟ್ಟಿಸುತ್ತಿದ್ದ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಟವೆಲು ಬಿಚ್ಚುತ್ತ ಹೊರಗೆ ಬಂದೆ. ಎಳೆಬಿಸಿಲು, ಬೇವಿನ ನೆರಳು, ಎಲ್ಲಿಂದಲೋ ಗಂಟೆಯ ಸದ್ದು. ಮನಸ್ಸು ತೇಲಿದಂತಾಗಿತ್ತು. ಒಮ್ಮೆಗೇ ತಮ್ಮನ ಹೆಂಡತಿ ನಾಗವ್ವ ಅಡುಗೆಮನೆಯ ಕಿಟಕಿಯಿಂದ ಕೂಗಿದಳು: "ಅಕ್ಕಾರ! ಅಲ್ಲೇನ್ ಮಾಡಾಕ ಹತ್ತೀರಿ?"

ನೋಡಿಕೊಂಡರೆ ನನ್ನ ಎರಡೂ ಕೈ ಮೇಲಿದ್ದವು. ಕೈಗಳ ಎದುರಿಗೆ ಗೌಂಡಿ ಗೋಡೆಯ ಮಟ್ಟಕ್ಕೆಂದು ಎಳೆದು ಕಟ್ಟಿದ ಹೊಚ್ಚ ಹೊಸ ಬಿಳಿ ದಾರ.

"ಏನಿಲ್ಲವ್ವ, ದಾರ ಬಿಗಿ ಐತೋ ಇಲ್ಲೋ ನೋಡಾಕ ಹತ್ತಿದ್ನಿ. ಇನ್‌ಸ್ಪೆಕ್ಟರ್ ಮನಿಯಾಕಿ ನಾನು, ನೋಡ್ದ ಇರಾಕ ಆಗ್ತೈತೇನು?" ಎಂದು ಗಂಭೀರವಾಗಿ ಒಂದು ಕಣ್ಣು ಮುಚ್ಚಿ ದಾರದ ಉದ್ದಕ್ಕೂ ನೋಡಿದೆ. ಕೈಯಲ್ಲಿದ್ದ ಟವೆಲಿನಿಂದ ನೀರು ನನ್ನ ಪಾದದ ಮೇಲೆ ತೊಟ್ಟಿಕ್ಕುತ್ತಲೇ ಇತ್ತು.